ಕೊನೆಯ ಓಟಕ್ಕೆ ಯಾವ ನೆಲ?

ಬೀರೂರು ಜಂಕ್ಷನ್ನಿನಲ್ಲಿ ಹಳಿ ಕವಲೊಡೆಯುತ್ತದೆ. ಕಡೂರಿನ ಕಡೆಯಿಂದ ಬಂದ ರೈಲು ಒಂದೋ ತರೀಕೆರೆ ಮೇಲೆ ಶಿವಮೊಗ್ಗಕ್ಕೆ ಹೊರಳುತ್ತದೆ, ಇಲ್ಲವೇ ಅಜ್ಜಂಪುರದ ಮೇಲೆ ಚಿಕ್ಕಜಾಜೂರಿನ ದಾರಿ ಹಿಡಿಯುತ್ತದೆ. ಜೋಡೆತ್ತಿನ ಗಾಡಿ ಓಟದ ಅಭಿಮಾನಿಗಳ ಮಾತೂ ಇಲ್ಲಿ ಹೀಗೇ ಮೂರು ದಿಕ್ಕಿಗೆ ಹರಿಯುತ್ತದೆ. ರಾಗಿ ಒಕ್ಕಣೆ ಮುಗಿದು ಸಂಕ್ರಾಂತಿ ಕಳೆಯಿತೆಂದರೆ ಚಹಾದಂಗಡಿಯಲ್ಲಿ, ಹಿಂಡಿ-ಬೂಸಾ ಅಂಗಡಿಯ ಮುಂದೆ, ಲಾಳ ಕಟ್ಟುವವನ ಮರದ ಕೆಳಗೆ ಒಂದೇ ಚರ್ಚೆ. ಈ ಸಲದ ಓಟಗಳೆಲ್ಲ ಮುಗಿದ ಮೇಲೆ, ಗೆದ್ದ ಜೋಡಿಗಳನ್ನು ಒಂದು ಕಡೆ ಸೇರಿಸಿ ಕೊನೆಯದಾಗಿ ಒಂದು ದೊಡ್ಡ ಓಟ ಕಟ್ಟುವುದಾದರೆ ಅದು ಎಲ್ಲಿ ಆಗಬೇಕು? ಕಡೂರಿನಲ್ಲೋ, ತರೀಕೆರೆಯಲ್ಲೋ, ಅಜ್ಜಂಪುರದಲ್ಲೋ?

ಮೊದಲು ನನಗೆ ಬಿಡಿಸಲಾಗದ ಗಂಟಾಗಿ ಕಂಡದ್ದು ಈ ಪ್ರಶ್ನೆಯಲ್ಲ, ಅದನ್ನು ಕೇಳುವ ತೀವ್ರತೆ. ಇವರ ಅಭಿಪ್ರಾಯವನ್ನು ಯಾರೂ ಕೇಳಿಲ್ಲ. ಒಂದೂರಲ್ಲಿ ಜಾತ್ರೆಯ ನೆಪದಲ್ಲಿ ಓಟ, ಇನ್ನೊಂದೂರಲ್ಲಿ ಯುವಕರ ಸಂಘದ ಹುಮ್ಮಸ್ಸಿನಿಂದ ಓಟ, ಮತ್ತೊಂದು ಕಡೆ ಯಾರದೋ ಹೆಸರಿನ ನೆನಪಿಗಾಗಿ ಓಟ. ‘ರಾಜ್ಯ ಮಟ್ಟದ ಜೋಡೆತ್ತಿನ ಗಾಡಿ ಸ್ಪರ್ಧೆ’ ಎಂದು ಎಲ್ಲರ ಫ್ಲೆಕ್ಸಿನಲ್ಲೂ ಇರುತ್ತದೆ. ಎಲ್ಲರದೂ ರಾಜ್ಯ ಮಟ್ಟವಾದ ಮೇಲೆ ಮೇಲಿನ ಮಟ್ಟ ಯಾವುದು? ಅದೇ ಇವರ ಸಂಕಟ. ಅದು ಸುಳ್ಳು ಸಂಕಟವಲ್ಲ ಎಂಬುದು ಓಟಗಳನ್ನು ನೋಡುತ್ತಾ ಹೋದಂತೆ ಗೊತ್ತಾಯಿತು.

*

ಗಡಿಯಾರದ ವಿಷಯ.

ಓಟ ಎರಡು ಬಗೆ. ಒಂದರಲ್ಲಿ ಅಕ್ಕಪಕ್ಕದ ಎರಡು ಟ್ರ್ಯಾಕುಗಳಲ್ಲಿ ಎರಡು ಜೋಡಿ ಏಕಕಾಲಕ್ಕೆ ಬಿಡುತ್ತಾರೆ. ಸೋತವರು ಹೊರಗೆ, ಗೆದ್ದವರು ಮುಂದಿನ ಸುತ್ತಿಗೆ. ಇನ್ನೊಂದರಲ್ಲಿ ಜೋಡಿ ಒಂಟಿಯಾಗಿ ಓಡುತ್ತದೆ, ಎದುರಾಳಿ ಗಡಿಯಾರ ಮಾತ್ರ. ಸೆಕೆಂಡಿನ ಭಾಗಗಳಲ್ಲಿ ಬಹುಮಾನ ತೀರ್ಮಾನವಾಗುತ್ತದೆ.

ಅಭಿಮಾನಿಗಳು ಈ ಸೆಕೆಂಡುಗಳನ್ನು ಬಾಯಿಪಾಠ ಹೇಳುತ್ತಾರೆ. ಯಾವ ಜೋಡಿ ಯಾವ ಊರಲ್ಲಿ ಎಷ್ಟಕ್ಕೆ ಬಂತು, ಆವತ್ತು ಎಡಗೋಲಿಗೆ ಯಾವ ಎತ್ತು ಕಟ್ಟಿದ್ದರು, ಬಲಗೋಲಿಗೆ ಯಾವುದು, ಗಾಡಿ ಹೊಡೆದವನು ಯಾರು, ಎಲ್ಲ. ಆದರೆ ಒಂದೂರಿನ ಟ್ರ್ಯಾಕಿನ ಉದ್ದ ಇನ್ನೊಂದೂರಿನದಲ್ಲ. ಒಂದು ಕಡೆ ಹೊಲ ಸಮತಟ್ಟು, ಇನ್ನೊಂದು ಕಡೆ ಕಣ್ಣಿಗೆ ಕಾಣದಷ್ಟು ಇಳಿಜಾರು. ಒಂದು ಕಡೆ ಬಾವುಟ ಬಿದ್ದಾಗ ಗಡಿಯಾರ ಶುರು, ಇನ್ನೊಂದು ಕಡೆ ಎತ್ತಿನ ಮೂತಿ ಗೆರೆ ದಾಟಿದಾಗ. ಹೀಗಿರುವಾಗ ಆ ಸೆಕೆಂಡುಗಳನ್ನು ಪಕ್ಕಪಕ್ಕ ಇಟ್ಟು ತೂಗುವುದು ಹೇಗೆ?

ತೂಗಲಾಗುವುದಿಲ್ಲ. ಅದಕ್ಕೇ ಕೊನೆಯ ಓಟ ಬೇಕು ಎನ್ನುತ್ತಾರೆ. ಒಂದೇ ದಿನ, ಒಂದೇ ನೆಲ, ಒಂದೇ ಬಿಸಿಲು, ಒಂದೇ ಗಡಿಯಾರ. ಈ ವಾದಕ್ಕೆ ನನ್ನಲ್ಲಿ ಎದುರುತ್ತರವಿಲ್ಲ. ಎತ್ತು ಸಾಕಿದವನು ವರ್ಷವಿಡೀ ಹುರುಳಿ ಬೇಯಿಸಿ, ಹತ್ತಿಕಾಳು ರುಬ್ಬಿ, ತನ್ನ ಮಕ್ಕಳಿಗಿಂತ ಮೊದಲು ಎತ್ತಿಗೆ ಮೈ ತಿಕ್ಕಿ ನಿಲ್ಲುತ್ತಾನೆ. ತನ್ನ ಜೋಡಿ ನಿಜಕ್ಕೂ ಎಷ್ಟನೆಯದು ಎಂದು ತಿಳಿಯುವ ಹಕ್ಕು ಅವನಿಗಿದೆ.

*

ಕರಾವಳಿಯ ಕಂಬಳ ಈ ತೊಡಕನ್ನು ಬಹುಮಟ್ಟಿಗೆ ಬಿಡಿಸಿಕೊಂಡಿದೆ. ಅಲ್ಲಿ ಜಿಲ್ಲಾ ಕಂಬಳ ಸಮಿತಿ ಇದೆ, ನವೆಂಬರಿನಿಂದ ಬೇಸಿಗೆಯ ತನಕ ವಾರವಾರಕ್ಕೂ ವೇಳಾಪಟ್ಟಿ ಇದೆ. ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು ಹಿರಿಯ, ನೇಗಿಲು ಕಿರಿಯ, ಅಡ್ಡ ಹಲಗೆ, ಕನೆಹಲಗೆ ಎಂಬ ವಿಭಾಗಗಳಿವೆ. ಯಾವ ಕೋಣಗಳು ಎಷ್ಟು ಪದಕ ಗೆದ್ದವು ಎಂದು ಋತುವಿನ ಕೊನೆಗೆ ಲೆಕ್ಕ ಹಾಕಬಹುದು. ಆದರೂ ಕೋಣ ಓಡುವ ಕೆಸರಿನ ಕರೆಗಳ ಉದ್ದ ಅಲ್ಲೂ ಒಂದೇ ಅಲ್ಲ. 2020ರ ಫೆಬ್ರುವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರೆಂದು ದೇಶವೆಲ್ಲ ಮಾತಾಡಿತು. ಅದನ್ನು ನೂರು ಮೀಟರಿಗೆ ಇಳಿಸಿ ಒಲಿಂಪಿಕ್ಸಿನ ಓಟಗಾರರ ಜೊತೆ ಹೋಲಿಸಿದರು. ಕೋಣದ ಎಳೆತ ಇರುವ ಕೆಸರಿನ ಓಟಕ್ಕೂ ಒಣ ನೆಲದ ಬರಿಯ ಓಟಕ್ಕೂ ಎಲ್ಲಿಯ ಹೋಲಿಕೆ ಎಂದು ಗೌಡರೇ ದೂರ ನಿಂತರು. ಆ ಸಂಯಮ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಇನ್ನೊಂದು ಸಂಗತಿ. 2023ರ ನವೆಂಬರ್ 25, 26ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಂಬಳ ನಡೆಯಿತು. ಕೋಣಗಳು ಲಾರಿಯಲ್ಲಿ ಘಟ್ಟ ಹತ್ತಿ ಬಂದವು. ಜನ ಲಕ್ಷಗಟ್ಟಲೆ ಸೇರಿದರು. ಆಗ ಎದ್ದ ಪ್ರಶ್ನೆಯೂ ಇದೇ: ಓಟ ನೋಡುವವರು ಇರುವಲ್ಲಿ ಆಗಬೇಕೋ, ಓಡುವ ಪ್ರಾಣಿ ಇರುವಲ್ಲಿ ಆಗಬೇಕೋ?

*

ಮೂರು ಊರು, ಮೂರು ಮಣ್ಣು. ಇದನ್ನು ನಡೆದು ನೋಡದೆ ಚರ್ಚೆ ಅರ್ಥವಾಗುವುದಿಲ್ಲ.

ಕಡೂರು ಬಯಲುಸೀಮೆ. ಕೆಂಪು ನೆಲ, ತೆಂಗು, ರಾಗಿ, ಬೇಸಿಗೆಯಲ್ಲಿ ವೇದಾವತಿಯಲ್ಲಿ ನೀರಿಗಿಂತ ಮರಳು ಹೆಚ್ಚು. ಮಳೆ ಕಡಿಮೆಯಾದ್ದರಿಂದ ಬರ ಎಂಬ ಮಾತು ಇಲ್ಲಿಯವರ ನಾಲಿಗೆಯ ಮೇಲೆಯೇ ಇರುತ್ತದೆ. ಆದರೆ ಓಟಕ್ಕೆ ಆ ಒಣಗಾಳಿಯೇ ಅನುಕೂಲ. ಕೆಂಪು ಮಣ್ಣಿಗೆ ಹಿಂದಿನ ಸಂಜೆ ಟ್ಯಾಂಕರಿನಿಂದ ನೀರು ಹೊಡೆದು, ಬೆಳಿಗ್ಗೆ ರೋಲರ್ ಎಳೆದರೆ ಗೊರಸು ಊರಲು ಬೇಕಾದಷ್ಟು ಮೆತ್ತಗೂ ಜಾರದಷ್ಟು ಗಟ್ಟಿಯಾಗೂ ಕೂರುತ್ತದೆ. ಗರಸು ಕಲ್ಲಿದ್ದರೆ ಮಾತ್ರ ಕಷ್ಟ. ಅದನ್ನು ಆರಿಸಿ ತೆಗೆಯಲು ಹೆಂಗಸರು ಗಂಡಸರು ಸಾಲಾಗಿ ಕೂತು ಇಡೀ ಟ್ರ್ಯಾಕನ್ನು ಕೈಯಿಂದ ಸವರಿದ್ದನ್ನು ಕಂಡಿದ್ದೇನೆ.

ಅಜ್ಜಂಪುರದ ಸುತ್ತ ಎರೆ. ಈರುಳ್ಳಿ ಬೆಳೆಯುವ ಕಪ್ಪು ನೆಲ. ಮಳೆಗಾಲದಲ್ಲಿ ಕಾಲಿಗಂಟಿದರೆ ಬಿಡುವುದಿಲ್ಲ, ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಮಾರ್ಚ್ ತಿಂಗಳಲ್ಲಿ ಆ ಬಿರುಕಿಗೆ ನನ್ನ ಅಂಗೈ ಅಡ್ಡಡ್ಡ ಇಳಿಯಿತು. ಓಡುವ ಎತ್ತಿನ ಗೊರಸು ಅಂಥ ಬಿರುಕಿಗೆ ಸಿಕ್ಕರೆ ಕಾಲು ಉಳಿಯುವುದಿಲ್ಲ. ಬಿರುಕು ಮುಚ್ಚಲು ಮೇಲೆ ಕೆಂಪು ಮಣ್ಣು ಹೊಡೆಸಬೇಕು, ಅದು ನೂರಾರು ಟ್ರ್ಯಾಕ್ಟರ್ ಲೋಡಿನ ಕೆಲಸ. ಎಲ್ಲ ಕಡೆ ಎರೆಯೇ ಅಂತಲ್ಲ, ಕೆಂಪು ಪಟ್ಟಿಗಳೂ ಇವೆ. ಆದರೆ ಊರ ಸಮೀಪ, ರಸ್ತೆ ಬದಿಗೆ, ಸಮತಟ್ಟಾಗಿ, ಕೆಂಪು ನೆಲ, ಈ ನಾಲ್ಕೂ ಒಟ್ಟಿಗೆ ಸಿಗುವುದು ಸುಲಭವಲ್ಲ.

ತರೀಕೆರೆ ಮಲೆನಾಡಿನ ಬಾಗಿಲು. ಅಡಿಕೆ ತೋಟ, ಭದ್ರಾ ಕಾಲುವೆ, ಭತ್ತದ ಗದ್ದೆ, ತೆಂಕಣಕ್ಕೆ ಬಾಬಾಬುಡನ್ ಸಾಲು. ಇಲ್ಲಿನ ಗದ್ದೆ ನೋಡಲು ಚಂದ. ಆದರೆ ಗದ್ದೆಯೆಂದರೆ ಬದು, ಬದು ಎಂದರೆ ನೂರಿನ್ನೂರು ಹೆಜ್ಜೆಗೊಂದು ಏರುತಗ್ಗು. ಬದು ಕಡಿದು ಸಮ ಮಾಡಿದರೂ ಕೂಳೆಯ ಬುಡ ನೆಲದಲ್ಲಿ ಉಳಿದಿರುತ್ತದೆ. ತರೀಕೆರೆಯವರ ಬಲ ಇರುವುದು ಬೇರೆ ಕಡೆ. ನೆರಳಿದೆ, ನೀರಿದೆ, ಶಿವಮೊಗ್ಗ-ಭದ್ರಾವತಿಯ ಜನ ಒಂದು ಗಂಟೆಯೊಳಗೆ ಬಂದು ಸೇರುತ್ತಾರೆ. ಹಿಂದಿನ ರಾತ್ರಿಯೇ ಪಿಕಪ್ ವಾಹನದಲ್ಲಿ ದೂರದಿಂದ ಬಂದ ಎತ್ತುಗಳನ್ನು ತೋಟದ ಅಂಚಿನಲ್ಲಿ ಕಟ್ಟಿ, ಹುಲ್ಲು ಹಾಸಿ, ತಂಪಿನಲ್ಲಿ ಮಲಗಿಸಬಹುದು. ‘ನಿಮ್ಮ ಕಡೂರಲ್ಲಿ ಎತ್ತಿಗೆ ಕುಡಿಸೋ ನೀರನ್ನೂ ಟ್ಯಾಂಕರಲ್ಲಿ ತರ್ಬೇಕು’ ಎಂದು ತರೀಕೆರೆಯ ಹಿರಿಯರೊಬ್ಬರು ಹೇಳಿದಾಗ ಕಡೂರಿನವರಿಗೆ ಕ್ಷಣಕಾಲ ಮಾತು ನಿಂತಿತು.

*

ಅಜ್ಜಂಪುರದವರ ವಾದ ಮಣ್ಣಿನದಲ್ಲ, ರಕ್ತದ್ದು. ಅದನ್ನು ಸುಮ್ಮನೆ ತಳ್ಳಿಹಾಕಲು ಬರುವುದಿಲ್ಲ.

ಅಜ್ಜಂಪುರದಲ್ಲಿ ಅಮೃತ ಮಹಲ್ ತಳಿ ಸಂವರ್ಧನಾ ಕೇಂದ್ರವಿದೆ. ಈ ತಳಿಯ ಕತೆ ಮೈಸೂರು ಅರಸರಿಂದ ಶುರುವಾಗುತ್ತದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳ ಇಲಾಖೆಗೆ ಬೆಣ್ಣೆ ಚಾವಡಿ ಎಂಬ ಹೆಸರಿತ್ತು. ಟಿಪ್ಪು ಸುಲ್ತಾನ ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟ. ಹೆಸರು ಹಾಲು-ಬೆಣ್ಣೆಯದಾದರೂ ಕೆಲಸ ದಂಡಿನದು. ಫಿರಂಗಿ ಎಳೆಯುವುದು, ಸಾಮಾನು ಹೊರುವುದು. ಚಿದಂಬರದ ನೆರವಿಗೆ ಟಿಪ್ಪುವಿನ ತಂದೆ ಹೈದರ್ ಎರಡೂವರೆ ದಿನದಲ್ಲಿ 100 ಮೈಲಿ ದಂಡು ನಡೆಸಿದ್ದು ಈ ಎತ್ತುಗಳ ಬಲದಿಂದ ಎಂದು ಹಳೆಯ ದಾಖಲೆಗಳು ಹೇಳುತ್ತವೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ಹಿಂಡು ಇಂಗ್ಲಿಷರ ಕೈ ಸೇರಿತು. ಪೇಶ್ವೆಯನ್ನು ಬೆನ್ನಟ್ಟಿದ ಜನರಲ್ ಪ್ರಿಟ್ಜ್ಲರ್ 25 ದಿನಗಳಲ್ಲಿ 346 ಮೈಲಿ ಸಾಗಿದ್ದೂ ಇವುಗಳನ್ನು ಕಟ್ಟಿಕೊಂಡೇ. 1860ರಲ್ಲಿ ಖರ್ಚು ಉಳಿಸಲು ಇಲಾಖೆಯನ್ನೇ ಮುಚ್ಚಿ ದನ ಮಾರಿದರು. ದಂಡಿಗೆ ತಕ್ಕ ಎತ್ತು ಸಿಗದೆ 1866ರಲ್ಲಿ ಮತ್ತೆ ತೆರೆದರು. 1882ರಲ್ಲಿ ಅದು ಮೈಸೂರು ಸರ್ಕಾರಕ್ಕೆ ಬಂತು.

ಅಮೃತ ಮಹಲ್ ಎತ್ತನ್ನು ಹತ್ತಿರದಿಂದ ನೋಡಬೇಕು. ಬೂದು ಮೈ, ಉದ್ದನೆಯ ಕಿರಿದಾದ ಮುಖ, ಬುಡದಲ್ಲಿ ಒಂದಕ್ಕೊಂದು ತಾಗುವಷ್ಟು ಹತ್ತಿರ ಹುಟ್ಟಿ ಹಿಂದಕ್ಕೆ ಬಾಗಿ ಮೇಲೇಳುವ ಕೊಂಬು, ತುದಿ ಸೂಜಿಯಷ್ಟು ಚೂಪು ಮತ್ತು ಕಪ್ಪು. ಕಣ್ಣಲ್ಲಿ ಸಾಕಿದ ಪ್ರಾಣಿಯ ಸೌಮ್ಯತೆಯಿಲ್ಲ. ಹೊಸಬರು ಹತ್ತಿರ ಹೋದರೆ ಮೂಗಿನಿಂದ ಗಾಳಿ ಬಿಡುತ್ತದೆ, ಕಿವಿ ಮುಂದಕ್ಕೆ ತಿರುಗುತ್ತದೆ, ಹಿಂಗಾಲು ಒಂದಿಂಚು ಹಿಂದೆ ಸರಿಯುತ್ತದೆ. ಕಾಲು ತೆಳ್ಳಗೆ, ಗೊರಸು ಪುಟ್ಟದು, ಗಟ್ಟಿ. ಗೊರಸು ಸೀಳಿರುವುದರಿಂದ ಲಾಳವೂ ಒಂದೊಂದು ಕಾಲಿಗೆ ಎರಡು ತುಂಡು. ಓಟದ ಮುನ್ನ ಲಾಳದ ಮೊಳೆಯ ತಲೆಯನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದ ಒಬ್ಬ ಹುಡುಗನನ್ನು ಮಾತಾಡಿಸಲು ಹೋದೆ. ಎಂಟೂ ತುಂಡು ಮುಟ್ಟಿ ಮುಗಿಯುವವರೆಗೂ ಅವನು ತಲೆ ಎತ್ತಲಿಲ್ಲ.

‘ತವರುಮನೆ ಇಲ್ಲಿರೋವಾಗ ಹಬ್ಬ ಬೇರೆ ಕಡೆ ಯಾಕ್ರಿ?’ ಎನ್ನುತ್ತಾರೆ ಅಜ್ಜಂಪುರದವರು. ಅಂತರಘಟ್ಟೆಯ ದುರ್ಗಾಂಬಾ ಜಾತ್ರೆಗೆ ಸುತ್ತಲ ಹಳ್ಳಿಗಳಿಂದ ಇವತ್ತಿಗೂ ಗಾಡಿ ಕಟ್ಟಿಕೊಂಡು ಬರುತ್ತಾರೆ. ಕೊಂಬಿಗೆ ಬಣ್ಣ, ಕೊರಳಿಗೆ ಗಗ್ಗರ, ಬೆನ್ನಿಗೆ ಜೂಲು. ಗಾಡಿಯ ಸಂಸ್ಕೃತಿ ಇಲ್ಲಿ ಓಟದ ದಿನಕ್ಕೆಂದು ಕಪಾಟಿನಿಂದ ತೆಗೆದದ್ದಲ್ಲ. 2017ರ ಬಜೆಟ್ಟಿನ ನಂತರ ತರೀಕೆರೆಯಿಂದ ಬೇರೆಯಾಗಿ ಅಜ್ಜಂಪುರ ಸ್ವಂತ ತಾಲ್ಲೂಕಾಯಿತು. ಹೊಸ ತಾಲ್ಲೂಕಿಗೆ ತನ್ನದೇ ಒಂದು ದೊಡ್ಡ ಓಟ ಬೇಕೆಂಬ ಆಸೆಯೂ ಈ ವಾದದಲ್ಲಿ ಸೇರಿಕೊಂಡಿದೆ. ಅದರಲ್ಲಿ ತಪ್ಪೇನೂ ಇಲ್ಲ.

*

ಕಾವಲುಗಳ ಬಗ್ಗೆ ಒಂದು ಮಾತು, ಏಕೆಂದರೆ ಚರ್ಚೆಯಲ್ಲಿ ಯಾರಾದರೂ ಒಬ್ಬರು ‘ಕಾವಲಲ್ಲೇ ಓಡಿಸಿಬಿಡಿ, ಎಷ್ಟು ಬೇಕಾದ್ರೂ ಜಾಗ ಇದೆ’ ಎಂದು ಹೇಳಿಯೇ ಹೇಳುತ್ತಾರೆ.

ಅಮೃತ ಮಹಲ್ ದನಗಳಿಗಾಗಿ ಮೀಸಲಿಟ್ಟ ಹುಲ್ಲುಗಾವಲುಗಳು ಒಂದು ಕಾಲಕ್ಕೆ ನಾಲ್ಕು ಲಕ್ಷ ಎಕರೆಗೂ ಹೆಚ್ಚಿದ್ದವು. ಅವುಗಳನ್ನು ಬೇಸಿಗೆ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ವಿಂಗಡಿಸಿದ್ದರು. ಬೇಸಿಗೆಗೆ ನೀರು ನೆರಳಿನ ಜಾಗ, ಮಳೆಗಾಲಕ್ಕೆ ಬೇರೆ, ಚಳಿಗೆ ಬೇರೆ. ಹಿಂಡು ಋತುವಿನೊಂದಿಗೆ ಒಂದರಿಂದ ಇನ್ನೊಂದಕ್ಕೆ ನಡೆಯುತ್ತಿತ್ತು. ಯಾವ ಋತುವಿಗೆ ಯಾವ ನೆಲ ಎಂಬುದನ್ನು ಎತ್ತಿನ ಹೊಟ್ಟೆ ಮತ್ತು ಕಾಲು ನೋಡಿ ತೀರ್ಮಾನಿಸಿದ ವ್ಯವಸ್ಥೆ ಅದು. ಈಗ ಬೀರೂರಿನ ಚಹಾದಂಗಡಿಯಲ್ಲಿ ಕೇಳುತ್ತಿರುವ ಪ್ರಶ್ನೆಗೆ ಉತ್ತರ ಹುಡುಕುವ ಕ್ರಮವನ್ನು ಆ ಇಲಾಖೆ ಎರಡು ಶತಮಾನದ ಹಿಂದೆಯೇ ಹಾಕಿಕೊಟ್ಟಿದೆ ಎನಿಸಿತು.

ಆದರೆ ಕಾವಲಲ್ಲಿ ಓಟ ಬೇಡವೇ ಬೇಡ. ಉಳಿದಿರುವ ಕಾವಲು ಬಹಳ ಕಡಿಮೆ. ಒತ್ತುವರಿಗೆ ಹೋದದ್ದು ಹೋಯಿತು, ಮಂಜೂರಾತಿಗೆ ಹೋದದ್ದು ಹೋಯಿತು. ಕಡೂರು ತಾಲ್ಲೂಕಿನ ಬಾಸೂರು ಅಮೃತ ಮಹಲ್ ಕಾವಲು ಕೃಷ್ಣಮೃಗಗಳ ಸಂರಕ್ಷಣಾ ಮೀಸಲು ಪ್ರದೇಶ. ಅಲ್ಲಿ ಬೆಳಗಿನ ಹೊತ್ತು ಗಂಡು ಕೃಷ್ಣಮೃಗವೊಂದು ತಲೆ ಎತ್ತಿ ನಿಂತಿರುವುದನ್ನು ಕಂಡವರು ಆ ಹುಲ್ಲಿನ ಮೇಲೆ ರೋಲರ್ ಎಳೆಯುವ ಮಾತಾಡಲಾರರು. ಬಯಲು ಖಾಲಿ ಜಾಗವಲ್ಲ. ಮರವಿಲ್ಲದ್ದನ್ನೆಲ್ಲ ಪಾಳು ಎಂದು ಬರೆದುಬಿಡುವ ನಮ್ಮ ಅಭ್ಯಾಸ ಈ ಹುಲ್ಲುಗಾವಲುಗಳಿಗೆ ಮಾಡಿರುವ ಹಾನಿ ಸಣ್ಣದಲ್ಲ.

*

ಕುದುರೆ ರೇಸಿನವರು ಈ ಚರ್ಚೆಯನ್ನು ಬಹಳ ಹಿಂದೆಯೇ ಮಾಡಿದ್ದಾರೆ. ಭಾರತದಲ್ಲಿ 1963ರಿಂದ ಇನ್ವಿಟೇಶನ್ ಕಪ್ ಇದೆ. ಮುಂಬಯಿ, ಕೋಲ್ಕತ್ತ, ಚೆನ್ನೈ, ಬೆಂಗಳೂರು, ಹೈದರಾಬಾದಿನ ಕ್ಲಬ್ಬುಗಳು ಸರದಿಯ ಮೇಲೆ ನಡೆಸುತ್ತವೆ. 2400 ಮೀಟರ್. ಊರು ಬದಲಾದರೂ ದೂರ ಬದಲಾಗುವುದಿಲ್ಲ ಎಂಬುದನ್ನು ನಮ್ಮವರು ಗಮನಿಸಬೇಕು. ಅಮೆರಿಕದ ಬ್ರೀಡರ್ಸ್ ಕಪ್ 1984ರಲ್ಲಿ ಹಾಲಿವುಡ್ ಪಾರ್ಕಿನಲ್ಲಿ ಆರಂಭವಾಗಿ ಅಂದಿನಿಂದ ಊರೂರು ಸುತ್ತುತ್ತಿದೆ. ಹಾಲಿವುಡ್ ಪಾರ್ಕ್ 2013ರಲ್ಲಿ ಮುಚ್ಚಿತು, ಆ ಜಾಗದಲ್ಲಿ ಈಗ ಫುಟ್ಬಾಲ್ ಕ್ರೀಡಾಂಗಣ ನಿಂತಿದೆ. ಇಂಗ್ಲೆಂಡಿನವರು 2011ರಲ್ಲಿ ಋತುವಿನ ಕೊನೆಯ ಚಾಂಪಿಯನ್ಸ್ ಡೇಯನ್ನು ಆಸ್ಕಟ್ಟಿಗೆ ತಂದರು. ವೈಭವಕ್ಕೆ ಆಸ್ಕಟ್ ಸರಿ. ಆದರೆ ದಿನ ಅಕ್ಟೋಬರ್ ನಡುವಿನದು, ಮಳೆಯಿಂದ ನೆಲ ಕೆಸರು. 2019ರಲ್ಲಿ ಸುತ್ತು ಟ್ರ್ಯಾಕಿನ ಓಟಗಳನ್ನು ಒಳಗಿನ ಇನ್ನೊಂದು ಟ್ರ್ಯಾಕಿಗೆ ಸರಿಸಬೇಕಾಯಿತು. ಅಷ್ಟೊಂದು ಹಣ, ಅಷ್ಟೊಂದು ಪರಂಪರೆ ಇದ್ದರೂ ಕೊನೆಗೆ ತೀರ್ಮಾನ ಮಾಡಿದ್ದು ಮಣ್ಣಿನ ತೇವ.

ಒಂದು ವ್ಯತ್ಯಾಸ ಮಾತ್ರ ಬಹಳ ದೊಡ್ಡದು. ಅವರದು ಸ್ಥಿರ ಮೈದಾನ. ಬೇಲಿ, ಹುಲ್ಲು, ಮಾಳಿಗೆ, ಕಚೇರಿ. ನಮ್ಮದು ಯಾರೋ ಒಬ್ಬ ರೈತನ ಹೊಲ. ಓಟ ಮುಗಿದು ಒಂದೆರಡು ಹದ ಮಳೆ ಬಿದ್ದರೆ ಟ್ರ್ಯಾಕಿನ ಮೇಲೆ ನೇಗಿಲು ಹೋಗುತ್ತದೆ. ಮುಂದಿನ ವರ್ಷ ಅದೇ ಹೊಲ ಸಿಗುತ್ತದೆಂಬ ಖಾತ್ರಿಯಿಲ್ಲ. ಮಾಲೀಕ ಅಡಿಕೆ ಸಸಿ ನೆಟ್ಟಿರಬಹುದು, ಸೈಟು ಮಾಡಿ ಮಾರಿರಬಹುದು. ಇಷ್ಟು ಗಟ್ಟಿಯಾಗಿ ವಾದಿಸುತ್ತಿರುವ ಮೂರು ರೇಸ್‌ಕೋರ್ಸುಗಳಲ್ಲಿ ಒಂದೂ ಜೂನ್ ತಿಂಗಳಲ್ಲಿ ನೆಲದ ಮೇಲೆ ಇರುವುದಿಲ್ಲ. ಈ ಸಂಗತಿ ನನ್ನನ್ನು ಬಹಳ ಕಾಡಿದೆ. ಇಲ್ಲದ ಮೈದಾನಕ್ಕಾಗಿ ಜಗಳವೇ? ಹಾಗಲ್ಲ ಎಂದು ಈಗ ಅನಿಸುತ್ತದೆ. ಹೊಲ ಕೊಡುವವನ ಮನಸ್ಸು, ಕಲ್ಲು ಆರಿಸುವ ಕೈ, ಹಗ್ಗ ಹಿಡಿದು ಜನರನ್ನು ತಡೆಯುವ ಹುಡುಗರು ಇರುವ ಊರು ಯಾವುದು ಎಂಬುದರ ಮೇಲೆ ಜಗಳ.

*

ಓಟವನ್ನು ಗೆರೆಯ ಪಕ್ಕದಿಂದ ನೋಡುವುದೇ ಬೇರೆ.

ಬಿಡುವ ಜಾಗದಲ್ಲಿ ನಾಲ್ಕೈದು ಜನ ಎತ್ತುಗಳ ಮುಂದೆ ನಿಂತು ಮೂಗುದಾರ ಹಿಡಿದಿರುತ್ತಾರೆ. ಎತ್ತುಗಳು ಆಗಲೇ ತುಳಿಯುತ್ತಿರುತ್ತವೆ, ನೊಗ ಅಲುಗುತ್ತದೆ, ಗಾಡಿಯ ಕೀಲು ಕಿರ್ರೆನ್ನುತ್ತದೆ. ಗಾಡಿ ಹೊಡೆಯುವವನು ಮೂಕಿಯ ಹಿಂದೆ ಕಾಲು ಅಗಲಿಸಿ ಮಂಡಿ ಮಡಚಿ ಕೂತು ಬಲಗೈಗೆ ಹಗ್ಗ ಸುತ್ತಿಕೊಳ್ಳುತ್ತಾನೆ. ಬಾವುಟ ಬಿದ್ದಾಗ ಮುಂದಿನವರು ಪಕ್ಕಕ್ಕೆ ಹಾರುತ್ತಾರೆ. ಮೊದಲ ಹತ್ತು ಮಾರು ಗಾಡಿ ನೆಲ ಬಿಟ್ಟು ನೆಗೆಯುತ್ತದೆ. ಆಮೇಲೆ ಎರಡೂ ಎತ್ತಿನ ಹೆಜ್ಜೆ ಒಂದಾದರೆ ಗಾಡಿ ನೆಲಕ್ಕೆ ಕೂರುತ್ತದೆ, ಸದ್ದು ಬದಲಾಗುತ್ತದೆ. ಹೆಜ್ಜೆ ಒಂದಾಗದಿದ್ದರೆ ನೊಗ ಓರೆಯಾಗಿ ಜೋಡಿ ಒಂದು ಪಕ್ಕಕ್ಕೆ ಎಳೆಯುತ್ತದೆ. ಎಡದ ಎತ್ತು ಚುರುಕು, ಬಲದ್ದು ನಿಧಾನ ಎಂದರೆ ಸೋಲು ಅಲ್ಲೇ ನಿಶ್ಚಯ. ಒಂಟಿ ಎತ್ತಿನ ವೇಗಕ್ಕೆ ಇಲ್ಲಿ ಬೆಲೆಯಿಲ್ಲ, ಜೋಡಿಯೇ ಎಲ್ಲ.

ಗೆರೆ ದಾಟಿತು, ಜನ ಸಿಳ್ಳೆ ಹೊಡೆದರು. ನಾನು ನೋಡಿದ್ದು ಗೆರೆಯ ಆಚೆಗೆ. ಎತ್ತಿಗೆ ಗೆರೆ ಗೊತ್ತಿಲ್ಲ. ಹಿಂದಿನಿಂದ ಗಾಡಿ ತಳ್ಳುತ್ತದೆ, ಎರಡು ಪಕ್ಕದಿಂದ ಕೂಗು ತಳ್ಳುತ್ತದೆ. ಓಡಿದಷ್ಟೇ ದೂರ ಇನ್ನೂ ಓಡುವ ರಭಸ ಅದರ ಮೈಯಲ್ಲಿರುತ್ತದೆ. ಅಲ್ಲಿ ಜಾಗ ಸಾಲದಿದ್ದರೆ ಹಗ್ಗ ಜಗ್ಗಿ, ಮೂತಿ ಮೇಲೆತ್ತಿ, ಹಿಂಗಾಲು ಮಡಚಿ ನಿಲ್ಲಿಸಬೇಕು. ಕಾಲು ಉಳುಕುವುದು ಅಲ್ಲಿ, ಲಾಳ ಕೀಳುವುದು ಅಲ್ಲಿ, ಮೊಬೈಲ್ ಹಿಡಿದು ಮುಂದೆ ನಿಂತ ಹುಡುಗರ ಮೇಲೆ ಗಾಡಿ ಹತ್ತುವುದೂ ಅಲ್ಲೇ. ಯಾವ ಊರು ಸರಿ ಎಂಬ ಪ್ರಶ್ನೆಗೆ ನನ್ನ ಉತ್ತರ ಆ ಜಾಗದಲ್ಲಿ ನಿಂತಾಗ ಹುಟ್ಟಿತು. ಗೆರೆಯ ಆಚೆ ಎಷ್ಟು ಬಯಲಿದೆ? ಮೊದಲು ಅದನ್ನು ಅಳೆಯಬೇಕು. ಪೆಂಡಾಲು, ಬಹುಮಾನದ ಬೈಕು, ಪಾರ್ಕಿಂಗು, ಊರಿನ ಹೆಸರು ಎಲ್ಲ ಆಮೇಲೆ.

*

ಕಾನೂನನ್ನೂ ಇದೇ ಕಣ್ಣಿನಿಂದ ನೋಡುತ್ತೇನೆ. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು, ಎತ್ತಿನ ಗಾಡಿ ಓಟಗಳನ್ನು ನಿಲ್ಲಿಸಿತು. ಕರ್ನಾಟಕ 2017ರ ತಿದ್ದುಪಡಿಯಿಂದ ಕಂಬಳಕ್ಕೂ ಗಾಡಿ ಓಟಕ್ಕೂ ದಾರಿ ಮಾಡಿಕೊಟ್ಟಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ತಮಿಳುನಾಡು, ಮಹಾರಾಷ್ಟ್ರ, ಕರ್ನಾಟಕದ ತಿದ್ದುಪಡಿಗಳನ್ನು ಎತ್ತಿಹಿಡಿಯಿತು.

ತಡೆ ಇದ್ದ ವರ್ಷಗಳಲ್ಲಿ ಓಟದ ಎತ್ತು ಸಾಕುವವರು ಕಡಿಮೆಯಾದರು ಎಂದು ಇಲ್ಲಿಯವರು ಹೇಳುತ್ತಾರೆ. ಉಳುವ ಕೆಲಸವನ್ನು ಟ್ರ್ಯಾಕ್ಟರ್ ಕಿತ್ತುಕೊಂಡಿತ್ತು. ಓಟವೂ ಇಲ್ಲವಾದರೆ ಹಳ್ಳಿಕಾರ್, ಅಮೃತ ಮಹಲ್ ತಳಿಗಳ ಜೋಡಿಗೆ ರೈತನ ಕೊಟ್ಟಿಗೆಯಲ್ಲಿ ಯಾವ ಕಾರಣಕ್ಕೆ ಜಾಗ? ಈ ಮಾತಿನಲ್ಲಿ ಸತ್ಯವಿದೆ. ಅಮೃತ ಮಹಲ್ ಹೋರಿಕರುಗಳ ಹರಾಜಿನಲ್ಲಿ ಜೋಡಿಯ ಬೆಲೆ ಲಕ್ಷ ದಾಟುವುದು ಉಳುಮೆಯ ಆಸೆಗಲ್ಲ. ಆದರೆ ನ್ಯಾಯಾಲಯ ದಾರಿ ಬಿಟ್ಟದ್ದು ನೋವು ಕೊಡುವುದಕ್ಕಲ್ಲ. ಬಾರುಕೋಲಿನ ತುದಿಯಲ್ಲಿ ಮೊಳೆ ಇಟ್ಟುಕೊಂಡವನನ್ನು ಟ್ರ್ಯಾಕಿನಿಂದ ಹೊರಗೆ ಕಳಿಸಿದ ಸಂಘಟಕರನ್ನು ನೋಡಿದ್ದೇನೆ, ಅವರ ಬಗ್ಗೆ ಗೌರವವಿದೆ. ನೋಡಿಯೂ ಸುಮ್ಮನಿದ್ದವರನ್ನೂ ಕಂಡಿದ್ದೇನೆ. ಕೊನೆಯ ಓಟ ಎಂಬ ದೊಡ್ಡ ಹೆಸರು ಹೊರುವ ಊರು ಮೊದಲನೆಯವರ ಊರಾಗಿರಬೇಕು.

*

ದಿನದ ಬಗ್ಗೆ. ಹೆಚ್ಚಿನವರು ಯುಗಾದಿ ಕಳೆದ ಮೇಲೆ ಎನ್ನುತ್ತಾರೆ. ಎಲ್ಲ ಊರಿನ ಓಟ ಮುಗಿದಿರಬೇಕಲ್ಲ. ಆದರೆ ಏಪ್ರಿಲ್ ಬಿಸಿಲು ಎತ್ತಿನ ಶತ್ರು. ಅಶ್ವಿನಿ ಮಳೆ ಯಾವಾಗ ಬೀಳುತ್ತದೋ ಹೇಳಲಾಗದು, ಭರಣಿ ಬಿದ್ದರಂತೂ ರೈತ ಓಟ ಬಿಟ್ಟು ಹೊಲಕ್ಕೆ ಹೋಗುತ್ತಾನೆ, ಹೋಗಲೇಬೇಕು. ತರೀಕೆರೆ ಕಡೆ ಮಧ್ಯಾಹ್ನದ ಗುಡುಗುಮಳೆ ಇನ್ನೂ ಬೇಗ ಬರುತ್ತದೆ. ನನ್ನ ಮಾತು ಕೇಳುವುದಾದರೆ ಫೆಬ್ರುವರಿ ಕೊನೆ ಅಥವಾ ಮಾರ್ಚ್ ಮೊದಲ ವಾರ, ಬೆಳಿಗ್ಗೆ ಏಳಕ್ಕೆ ಶುರು, ಹನ್ನೊಂದಕ್ಕೆ ನಿಲುಗಡೆ, ಮತ್ತೆ ನಾಲ್ಕರ ಮೇಲೆ. ಗಣ್ಯರ ಭಾಷಣ ಇರಲಿ, ಬಿಸಿಲೇರಿದ ನಡುವಿನ ಬಿಡುವಿನಲ್ಲಿ ಇರಲಿ. ನೊಗ ಹೊತ್ತ ಎತ್ತು ಗೆರೆಯಲ್ಲಿ ನಿಂತಿರುವಾಗ ಮೈಕು ಹಿಡಿಯುವುದು ಆ ಪ್ರಾಣಿಗೆ ಮಾಡುವ ಅನ್ಯಾಯ.

*

ಹಾಗಾದರೆ ಎಲ್ಲಿ? ಕೇಳಿದವರಿಗೆಲ್ಲ ನಾನೀಗ ಕಡೂರು ಎನ್ನುತ್ತೇನೆ. ಕೆಂಪು ನೆಲ, ಗೆರೆಯ ಆಚೆಗೂ ಚಾಚಿದ ಬಯಲು, ಒಣ ಹವೆ, ಹೆದ್ದಾರಿ ಮತ್ತು ರೈಲು. ಮೈಸೂರು, ಮಂಡ್ಯ, ಹಾಸನದಿಂದ ಬರುವ ಹಳ್ಳಿಕಾರ್ ಜೋಡಿಗಳಿಗೂ, ಹಾವೇರಿ, ದಾವಣಗೆರೆಯಿಂದ ಇಳಿಯುವ ಜೋಡಿಗಳಿಗೂ ಇದು ನಡುದಾರಿ. ಒಂದು ಕಾಲಕ್ಕೆ ಇಡೀ ಜಿಲ್ಲೆಯನ್ನು ಕಡೂರು ಜಿಲ್ಲೆ ಎಂದೇ ಕರೆಯುತ್ತಿದ್ದರು ಎಂಬುದನ್ನು ಕಡೂರಿನವರು ವಾದಕ್ಕೆ ಸೇರಿಸುತ್ತಾರೆ. ಎತ್ತಿನ ಕಾಲಿಗೆ ಅದರಿಂದ ಏನೂ ಆಗಬೇಕಾದ್ದಿಲ್ಲ, ಅದನ್ನು ಬಿಡಬಹುದು. ನೀರಿನ ವಿಷಯದಲ್ಲಿ ತರೀಕೆರೆಯ ಹಿರಿಯರು ಎತ್ತಿದ ಮಾತನ್ನು ಮಾತ್ರ ಬಿಡಬಾರದು. ಹಿಂದಿನ ರಾತ್ರಿ ಎತ್ತುಗಳು ಎಲ್ಲಿ ಮಲಗುತ್ತವೆ, ಏನು ಕುಡಿಯುತ್ತವೆ ಎಂಬುದಕ್ಕೆ ಉತ್ತರ ಸಿಕ್ಕ ಮೇಲೆಯೇ ಫ್ಲೆಕ್ಸ್ ಬರೆಸಬೇಕು.

ಇದನ್ನು ಅಜ್ಜಂಪುರದ ಒಬ್ಬ ಅಭಿಮಾನಿಗೆ ಹೇಳಿದೆ. ಆತ ಬಹಳ ಹೊತ್ತು ಯೋಚಿಸಿದರು. ‘ಆಯ್ತು, ಟ್ರ್ಯಾಕು ಕಡೂರಲ್ಲೇ ಇರ್ಲಿ. ಆದ್ರೆ ಉದ್ದ ಎಷ್ಟು ಅಂತ ಈಗ್ಲೇ ಹೇಳ್ಬೇಕು, ಪ್ರತಿ ವರ್ಷ ಅಷ್ಟೇ ಇರ್ಬೇಕು. ಗೆರೆ ಆಚೆ ಎಷ್ಟು ಜಾಗ ಅನ್ನೋದೂ ಬರೀಬೇಕು. ನಮ್ ಕರುಗಳ ಹರಾಜಿನ ದಿನಕ್ಕೂ ಓಟಕ್ಕೂ ತಾಳೆ ಹಾಕ್ಬೇಕು, ಗೆದ್ದ ಎತ್ತು ಯಾವ ಹಸುವಿನ ಮಗ ಅಂತ ಮೈಕಲ್ಲಿ ಹೇಳ್ಬೇಕು’ ಎಂದರು. ಕೊನೆಯ ಬೇಡಿಕೆಯನ್ನು ನಾನು ಯಾವ ಊರಲ್ಲೂ ಕೇಳಿರಲಿಲ್ಲ. ಗೆದ್ದವರ ಪಟ್ಟಿಯಲ್ಲಿ ಮಾಲೀಕನ ಹೆಸರಿರುತ್ತದೆ, ಊರಿನ ಹೆಸರಿರುತ್ತದೆ, ಪ್ರಾಯೋಜಕರ ಹೆಸರಿರುತ್ತದೆ. ತಾಯಿ ಹಸುವಿನ ಹೆಸರಿಗೆ ಒಂದು ಕಾಲಂ ಸೇರಿಸುವುದು ಸಂಘಟಕರಿಗೆ ಏನೂ ಭಾರವಲ್ಲ, ಬರುವ ಸಂಕ್ರಾಂತಿಯಿಂದಲೇ ಮಾಡಬಹುದು.